ಕೆಳಗಿನೂರಿಗೆ ಹೋಗುವ ನೀರು

ನಾವು ಬಂಗಾರಪೇಟೆಯಲ್ಲಿ ರೈಲಿನಿಂದ ಇಳಿದಾಗ ನಾನಿನ್ನೂ ಚಿಕ್ಕ ಹುಡುಗಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅಪ್ಪನ ಹೆಗಲ ಮೇಲೆ ಬಿತ್ತನೆ ಭತ್ತದ ಮೂಟೆ, ಅಮ್ಮನ ಸೊಂಟದಲ್ಲಿ ಬಟ್ಟೆಯ ಗಂಟು. ಗಾಡಿ ಹೊಗೆ ಬಿಟ್ಟು ಹೋದ ಮೇಲೂ ಅಮ್ಮ ಹಳಿಗಳನ್ನೇ ನೋಡುತ್ತ ನಿಂತಿದ್ದಳು.

ನಮ್ಮೂರು ಇದ್ದದ್ದು ತಮಿಳುನಾಡಿನಲ್ಲಿ, ಪಾಲಾರ್ ಹೊಳೆಯ ದಡದಲ್ಲಿ. ತೊಗಲು ಹದ ಮಾಡಿದ ನೀರು ಹೊಳೆಗೆ ಸೇರಿ ಸೇರಿ ಅಲ್ಲಿ ನಮ್ಮ ಬಾವಿಯೇ ಕಹಿಯಾಗಿತ್ತು. ಮೊದಲು ಭತ್ತ ಜೊಳ್ಳಾಯಿತು, ಆಮೇಲೆ ತೆಂಗಿನ ಸುಳಿ ಒಣಗಿತು. ಹೊಳೆ ಹುಟ್ಟುವ ದಿಕ್ಕಿಗೆ ಹೋದರೆ ನೀರು ಚೆನ್ನಾಗಿರಬೇಕಲ್ಲ ಎಂದು ಅಪ್ಪನಿಗೆ ಅನ್ನಿಸಿತು. ಕೆಜಿಎಫ್ ಗಣಿಯಲ್ಲಿ ಕೆಲಸಕ್ಕಿದ್ದ ಸೋದರಮಾವ ಬೇತಮಂಗಲದ ಕಡೆ, ಕೆರೆಯ ಕೆಳಗೆ, ಗುತ್ತಿಗೆಗೆ ಒಂದು ಗದ್ದೆ ಗೊತ್ತುಮಾಡಿಕೊಟ್ಟ. ಅಪ್ಪನ ಅಕ್ಕ ಮಾತ್ರ ಊರು ಬಿಟ್ಟು ಬರಲಿಲ್ಲ.

ಮೊದಲ ದಿನ ಅಪ್ಪ ಕಾಲುವೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದ. "ತಣ್ಣಿ ಇನಿಕ್ಕುದು," ಎಂದ. ನೀರು ಸಿಹಿಯಾಗಿದೆ ಎಂದು. ಆಮೇಲೆ ಬದುವಿನ ಮೇಲೆ ಕೂತವನು ಎಷ್ಟು ಕರೆದರೂ ಏಳಲಿಲ್ಲ. ಕೊಕ್ಕರೆಗಳು ಅವನ ಪಕ್ಕದಲ್ಲೇ ಬಂದು ಇಳಿದವು.

ಊರಿನವರು ನಮ್ಮನ್ನು 'ಕೆಳಗ್ಲೋರು' ಎನ್ನುತ್ತಿದ್ದರು. ಹೊಳೆಯ ಕೆಳಗಿನಿಂದ ಬಂದವರು ಎಂದರ್ಥ. ಅದರಲ್ಲಿ ಬೈಗುಳವೇನೂ ಇರಲಿಲ್ಲ, ಕರೆಯೋಲೆಯೂ ಇರಲಿಲ್ಲ. ಪಕ್ಕದ ಗದ್ದೆಯ ಯಜಮಾನ ಅಪ್ಪನಿಗಿಂತ ಕಿರಿಯ. ದಿನವೂ ಎದುರಾಗುತ್ತಿದ್ದ, ದಿನವೂ ಟವೆಲ್ ಕೊಡವಿಕೊಂಡು ಸುಮ್ಮನೆ ದಾಟಿ ಹೋಗುತ್ತಿದ್ದ. ಅವನ ತಾಯಿ ಮಾತ್ರ ಆಗಾಗ ಬೇಲಿಯಾಚೆಯಿಂದ ತೆಲುಗಿನಲ್ಲಿ ಏನೋ ಕೇಳುತ್ತಿದ್ದಳು. ಅಮ್ಮ ತಮಿಳಿನಲ್ಲಿ ಏನೋ ಹೇಳುತ್ತಿದ್ದಳು. ಇಬ್ಬರೂ ತಲೆಯಾಡಿಸುತ್ತಿದ್ದರು. ನಾಟಿಗೆ ಮಾತ್ರ ಅಮ್ಮ ಒಬ್ಬಳೇ ಬಗ್ಗುತ್ತಿದ್ದಳು. ಊರಿನ ಹೆಂಗಸರು ಕೆಲಸಕ್ಕೆ ಕೆಲಸವೆಂದು ಒಬ್ಬರ ಗದ್ದೆಗೆ ಒಬ್ಬರು ಮುಯ್ಯಿ ಹೋಗುವಾಗ ನಮ್ಮ ಬದುವನ್ನು ತುಳಿಯದೆ ಸುತ್ತಿ ಹೋಗುತ್ತಿದ್ದರು.

ಹೀಗೇ ಕೆಲವು ವರ್ಷ ಕಳೆದ ಮೇಲೆ, ಒಂದು ಸಲ ಬಿಡದೆ ಮಳೆ ಹಿಡಿದು ಕೆರೆ ಕೋಡಿ ಬಿತ್ತು. ಬೆಳಿಗ್ಗೆ ಊರಿಗೆ ಊರೇ ಕೋಡಿಯ ಹತ್ತಿರ ಸೇರಿತ್ತು. ಮಂಜಿನಲ್ಲಿ ನೀರು ಕಾಣುತ್ತಿರಲಿಲ್ಲ, ಅದರ ಸದ್ದು ಮಾತ್ರ ಎದೆಯೊಳಗೆ ಉರುಳಿದ ಹಾಗಿತ್ತು. ಹೆಂಗಸರು ನೀರಿಗೆ ಅರಿಶಿನ ಕುಂಕುಮ ಬಿಟ್ಟು ಕೈಮುಗಿದರು. ಅಪ್ಪ ಸ್ವಲ್ಪ ದೂರದಲ್ಲಿ ನಿಂತಿದ್ದ. ಮತ್ತೆ ನೋಡಿದಾಗ ಅಲ್ಲಿರಲಿಲ್ಲ.

ಮಧ್ಯಾಹ್ನವಾದರೂ ಬರಲಿಲ್ಲ. ಅಮ್ಮ ಒಲೆಯ ಮುಂದೆ ಕೂತೇ ಇದ್ದಳು. ಪಕ್ಕದ ಗದ್ದೆಯ ಯಜಮಾನನ ತಾಯಿ, ಆ ಅಜ್ಜಿ, ಬಂದು ಕೇಳಿದಳು: "ಏಂ ತಲ್ಲೀ, ಗಂಡ ಎತ್ಲಾಗ್ ಓದ?"

ಅಮ್ಮ ನೀರು ಹರಿಯುವ ದಿಕ್ಕಿಗೆ ಕೈ ತೋರಿಸಿದಳು. ಅಜ್ಜಿಗೆ ಏನು ಅರ್ಥವಾಯಿತೋ, ಮಗನನ್ನು ಕೂಗಿದಳು. "ಲೇ, ಸೈಕಲ್ ತಗಂಡು ಓಗ್ಲಾ. ಕೆಳಗ್ಲೋನು ಊರ್ ಕಡೆ ಒಂಟವ್ನೆ."

ಅವನು ಹಿಂದಿರುಗಿದಾಗ ಸಂಜೆ. ಸೈಕಲ್ಲಿನ ಕ್ಯಾರಿಯರ್ ಮೇಲೆ ಅಪ್ಪ ಕೂತಿದ್ದ, ಮಂಡಿಯವರೆಗೆ ಕೆಸರು. ಆ ದಿನದ ಮಾತುಗಳನ್ನು ಪಕ್ಕದ ಯಜಮಾನ ಆಮೇಲೆ ಎಷ್ಟೋ ಸಲ ನಮ್ಮ ಜಗಲಿಯ ಮೇಲೇ ಕೂತು ಹೇಳಿದ್ದಾನೆ. ಅಪ್ಪ ಹೊಳೆಯ ಪಕ್ಕದಲ್ಲೇ ನಡೆದು ನಡೆದು ಗಡಿಯ ಕಡೆಯ ಒಂದು ಬಂಡೆಯ ಮೇಲೆ ಕೂತಿದ್ದನಂತೆ.

"ಯಾಕಣ್ಣ, ನಮ್ಮೂರು ಬ್ಯಾಡ್ವಾ?" ಎಂದು ಇವನು ಕೇಳಿದ.

"ಅಂಗಲ್ಲಪ್ಪ," ಎಂದ ಅಪ್ಪ. "ಈ ನೀರು ನಮ್ಮಕ್ಕನ ಬಾವಿ ತಾವ ಓಗ್ತದೆ. ಅದ್ರ ಜತೆ ವಸಿ ದೂರ ಓಗಿ ಕಳಿಸ್ಕೊಟ್ ಬರಾಣ ಅಂತ ಬಂದೆ. ಎಲ್ಲಿ ನಿಲ್ಬೇಕೋ ತಿಳೀಲಿಲ್ಲ."

ಇವನೂ ಬಂಡೆಯ ಮೇಲೆ ಕೂತು ಬೀಡಿ ಹಚ್ಚಿದ, ಅಪ್ಪನಿಗೂ ಒಂದು ಕೊಟ್ಟ. ಇಬ್ಬರೂ ನೀರು ನೋಡಿದರು. ಕಡೆಗೆ ಇವನೇ ಎದ್ದ. "ಬಾರಣ್ಣ. ನಾಳೀಕೆ ನಿಮ್ದೇ ನಾಟಿ ಮಾಡ್ಬಿಡಾಣ. ಪೈರು ಬಲೀತಾ ಐತೆ."

ಮರುದಿನ ಹೊತ್ತು ಮೂಡುವ ಮೊದಲೇ ನಮ್ಮ ಬದುವಿನ ಮೇಲೆ ಬಳೆ ಸದ್ದು. ಅಜ್ಜಿ ಮುಂದೆ, ಹಿಂದೆ ಅವಳ ಸೊಸೆ, ಬೀದಿಯ ಇತರ ಹೆಂಗಸರು. ಸೆರಗು ಸಿಕ್ಕಿಸಿಕೊಂಡು ಗದ್ದೆಗೆ ಇಳಿದರು. ಅಮ್ಮ ಯಾವತ್ತಿನಂತೆ ಒಂದು ಮೂಲೆಗೆ ಹೋಗಿ ನಿಂತಾಗ ಅಜ್ಜಿ ಅವಳ ರಟ್ಟೆ ಹಿಡಿದು ಸಾಲಿನ ನಡುವೆ ತಂದು ನಿಲ್ಲಿಸಿದಳು.

ಹೊತ್ತೇರಿದ ಮೇಲೆ ಅಮ್ಮ ಮೆಲ್ಲಗೆ ತಮಿಳಿನಲ್ಲಿ ಒಂದು ನಾಟಿಯ ಪದ ಎತ್ತಿದಳು. ನಮ್ಮೂರು ಬಿಟ್ಟ ಮೇಲೆ ಅವಳು ಹಾಡಿದ್ದನ್ನು ನಾನು ಕೇಳಿರಲಿಲ್ಲ. ಸಾಲಿನ ಹೆಂಗಸರು ಅರ್ಥ ತಿಳಿಯದೆಯೇ ಕೊನೆಯ ಸೊಲ್ಲು ಹಿಡಿದರು. ಕೆಸರು ನೀರಿನಲ್ಲಿ ಮೋಡ ತೇಲುತ್ತಿತ್ತು. ಅವರು ಹಿಂದೆ ಹಿಂದೆ ಸರಿಯುತ್ತ, ಮೋಡದೊಳಕ್ಕೇ ಪೈರು ಊರುತ್ತಿರುವ ಹಾಗೆ ಕಾಣುತ್ತಿದ್ದರು. ನಾನು ಬದುವಿನ ಮೇಲೆ ಪೈರಿನ ಕಟ್ಟು ಹಿಡಿದು ನಿಂತಿದ್ದೆ. ಅಜ್ಜಿ ಬೆನ್ನು ನೆಟ್ಟಗೆ ಮಾಡಿ, "ನೀನೂ ಇಳೀಯೇ," ಎಂದಳು. ಲಂಗ ಎತ್ತಿ ಕಟ್ಟಿಕೊಂಡು ಇಳಿದೆ. ಕೆಸರು ಬೆಚ್ಚಗಿತ್ತು.