ಓಣಿ ತುಂಬಿದ ಉಡಿ

ಓಟು ಎಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಈ ಓಣಿ ಪೂರಾ ನಮ್ಮದು ಎಂದು ಯಾರಾದರೂ ಎದೆ ತಟ್ಟಿಕೊಂಡರೆ, ಹೋಗಪ್ಪಾ, ಕಂಡಿದ್ದೇನೆ ಎನ್ನಬೇಕೆನಿಸುತ್ತದೆ.

ಆಗ ಬನಹಟ್ಟಿ ಜಮಖಂಡಿ ಸಂಸ್ಥಾನದಲ್ಲಿತ್ತು. ಪ್ರಜೆಗಳ ಪಕ್ಷದವರೂ ಸಂಸ್ಥಾನದ ಸಭೆಗೆ ನಿಲ್ಲಬಹುದು ಎಂದಾದಾಗ ನನ್ನ ಗಂಡ ನಿಂತರು. ಎದುರಿಗೆ ನಿಂತವನು ಅರಮನೆಯ ಕಡೆಯ ನೂಲಿನ ಸಾವುಕಾರ. ನಮ್ಮ ನೇಕಾರರ ಓಣಿಯ ಮಗ್ಗಗಳೆಲ್ಲ ಅವನು ಕೊಟ್ಟ ನೂಲಿನಿಂದಲೇ ಆಡುತ್ತಿದ್ದವು, ನಮ್ಮದೂ ಸಹ. ನಾವು ಗೆದ್ದರೆ ಅವನು ನಮ್ಮನ್ನು ಮುಟ್ಟುವ ಹಾಗಿರಲಿಲ್ಲ. ಸೋತರೆ ನೂಲು ಬಂದ್, ಒಲೆ ಬಂದ್, ಊರು ಬಿಡುವುದೇ. ಇದು ನಮಗೂ ಗೊತ್ತಿತ್ತು, ಓಣಿಗೂ ಗೊತ್ತಿತ್ತು.

ಗಂಡಸರು ಹೋಗಿ ಕೇಳಿದರೆ ನೋಡೋಣ ಎಂಬುದರಾಚೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿ ಜಮಖಂಡಿಯಿಂದ ಬಂದ ಪಕ್ಷದ ಮುಖಂಡರು ನನ್ನನ್ನು ಮನೆಮನೆಗೆ ಕಳಿಸಿದರು. ಹೆಂಗಸರಿಗೆ ಓಟಿರಲಿಲ್ಲ. ಆದರೆ ಒಳಮನೆಯ ಮನಸ್ಸು ತಿಳಿದರೆ ಗಂಡಸಿನ ಓಟು ತಿಳಿದಂತೆ ಎಂಬುದು ಅವರ ಲೆಕ್ಕ. ಬಂದ ಮುತ್ತೈದೆಗೆ ಕುಂಕುಮ ಹಚ್ಚುವುದು ಎಲ್ಲ ಮನೆಯ ರೂಢಿ, ಅದನ್ನು ಓಟು ಅಂತ ಹಿಡಿಯಬೇಡಿ ಎಂದು ನಾನೇ ಅವರಿಗೆ ಬುದ್ಧಿ ಹೇಳಿ ಹೊರಟೆ. ಅಷ್ಟು ಜಾಣೆ ನಾನು!

ಮೊದಲ ಮನೆಯಲ್ಲೇ ಮಣೆ ಹಾಕಿ ಕೂಡಿಸಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಬೇರು, ಮೇಲೊಂದು ಕುಬಸದ ಖಣ. ಹಬ್ಬಕ್ಕೊಮ್ಮೆ ಅನ್ನ ಕಾಣುವ ಮನೆ ಅದು. ಮುಂದಿನ ಮನೆಯಲ್ಲೂ ಅದೇ, ಅದರಾಚೆಯೂ ಅದೇ. ಸೆರಗು ಭಾರವಾಗಿ, ಮನೆಗೆ ಬಂದು ಸುರಿದು ಮತ್ತೆ ಹೋಗಬೇಕಾಯಿತು. ಮನೆಮಗಳಿಗೆ ತುಂಬುವ ಉಡಿ ನನಗೆ ತುಂಬುತ್ತಿದ್ದಾರೆ, ಇನ್ನೇನು ಬೇಕು ಎಂದು ಹಿಗ್ಗಿ ಹೀರೇಕಾಯಿಯಾದೆ. ಗೋಡೆಯಾಚೆಯ ಮನೆಯ ಅಕ್ಕ ತುಂಬುವಾಗ ಕಣ್ಣೀರು ಹಾಕಿದಳು. ನನ್ನ ಮೇಲಿನ ಪ್ರೀತಿ ಅಂದುಕೊಂಡೆ. ಅವಳ ಗಂಡನ ಓಟು ಎಲ್ಲಕ್ಕಿಂತ ಗಟ್ಟಿ ಎಂದು ಮುಖಂಡರಿಗೆ ಹೇಳಿದೆ.

“ಉಡಿ ತುಂಬಿದ ಮನಿ ನಮ್ಮದ ರೀ. ಓಣಿ ತಿರುಗೇತಿ,” ಎಂದರು ಅವರು. ಹಾಗೆಂದೇ ಮುಧೋಳದ ತನಕ ಸುದ್ದಿ ಮುಟ್ಟಿಸಿದರು. ಬೇರೆ ಕಡೆ ನೂಲು ನೋಡಿಟ್ಟಿರಬೇಕು ಎನ್ನುತ್ತಿದ್ದ ನನ್ನ ಗಂಡ ಆ ಮಾತನ್ನೇ ಬಿಟ್ಟರು. ಉಡಿಯ ಅಕ್ಕಿಯನ್ನೆಲ್ಲ ನಾನು ಒಂದು ಗಡಿಗೆಗೆ ತುಂಬಿ, ಗೆದ್ದ ದಿನ ಓಣಿಗೆಲ್ಲ ಊಟ ಹಾಕಲೆಂದು ಬಾಯಿ ಕಟ್ಟಿ ಇಟ್ಟೆ.

ಓಟಿನ ದಿನ ಸಾವುಕಾರನ ಗುಮಾಸ್ತ ಚಾವಡಿಯ ಬಾಗಿಲಲ್ಲೇ ಕೂತು ಒಳಗೆ ಹೋಗುವವರ ಮುಖ ನೋಡುತ್ತಿದ್ದ. ನಮ್ಮ ಓಣಿಯಿಂದ ನಮಗೆ ಬಂದದ್ದು ನನ್ನ ಗಂಡನ ಓಟು, ಮೈದುನನ ಓಟು. ಅಷ್ಟೇ. ಮುಖಂಡರು ಮತ್ತೆ ಮುಖ ತೋರಿಸಲಿಲ್ಲ.

ನೂಲು ನಿಂತಿತು. ರಬಕವಿ ಮಗ್ಗುಲಲ್ಲೇ ಇದ್ದರೂ ಬೇರೆ ಸಂಸ್ಥಾನದ ಊರು, ಸಾವುಕಾರನ ಕೈ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಮಗ್ಗ ಬಿಚ್ಚಿ ಬಂಡಿಗೆ ಹೇರಿದೆವು. ಯಾರೂ ಹೊರಗೆ ಬರಲಿಲ್ಲ, ಗೋಡೆಯಾಚೆಯ ಅಕ್ಕ ಮಾತ್ರ ಬಾಗಿಲಲ್ಲಿ ನಿಂತಿದ್ದಳು. ಊರು ಬಿಡುವ ಹೆಣ್ಣನ್ನು ಬರಿ ಉಡಿಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ನನಗೆ ಸಿಟ್ಟು ತಡೆಯಲಾಗಲಿಲ್ಲ.

“ಊರು ಬಿಟ್ಟು ಹೊಂಟೇನಿ ಅಕ್ಕಾ. ಉಡಿ ತುಂಬೂದಿಲ್ಲೇನು?” ಎಂದು ಕೇಳಿಯೇಬಿಟ್ಟೆ.

ಅವಳು ತಲೆ ಎತ್ತಲಿಲ್ಲ. “ಅವತ್ತ ತುಂಬೇವಲ್ಲ, ತಂಗೀ,” ಎಂದಳು.

ಗಡಿಗೆ ಬಂಡಿಯಲ್ಲೇ ಇತ್ತು. ರಬಕವಿಯಲ್ಲಿ ನೂಲು ಸಿಗುವವರೆಗೆ ಆ ಅಕ್ಕಿಯನ್ನೇ ಬೇಯಿಸಿ ಉಂಡೆವು.