ನೆರೆಮನೆಯ ಫ್ರೆಂಚ್ ಕವಯಿತ್ರಿ

ನಾನು ಹುಟ್ಟಾ ಪುಕ್ಕಲಿ. ಕುಕ್ಕರ್ ಸೀಟಿ ಹಾಕಿದರೂ ಎರಡು ಹೆಜ್ಜೆ ಹಿಂದೆ ಸರಿಯುವವಳು. ಹಾಗಾಗಿ ಧೈರ್ಯದ ಪುಸ್ತಕ ಬರೆಯುವವರೆಲ್ಲ ಧೈರ್ಯವಂತರೇ ಇರಬೇಕೆಂದು ಬಹಳ ಕಾಲ ನಂಬಿದ್ದೆ. ಆ ನಂಬಿಕೆ ಹೋದದ್ದು ತೊಂಬತ್ತರ ದಶಕದ ನಡುವೆ, ಗಂಡನ ನೌಕರಿಗೆಂದು ಹೋಗಿದ್ದ ಗಲ್ಫಿನ ನಿಜ್ವಾ ಊರಿನಲ್ಲಿ, ನನ್ನದೇ ಅಡುಗೆಮನೆಯಲ್ಲಿ.

ನಮ್ಮ ಪಕ್ಕದ ಮನೆಗೆ ಅಲ್ಜೀರಿಯಾದ ಡಾಕ್ಟರೊಬ್ಬರು ಬಂದರು. ಅವರ ಹೆಂಡತಿ ನಾದಿಯಾ. ಎರಡೂ ಮನೆಗೆ ಹಿತ್ತಿಲು ಒಂದೇ. ಬಟ್ಟೆ ಒಣಗಿಸುತ್ತ ಹರಕುಮುರುಕು ಇಂಗ್ಲಿಷಿನಲ್ಲಿ ಮಾತು ಶುರುವಾಯಿತು. ಕೆಲವೇ ವಾರಗಳಲ್ಲಿ ಆಕೆ ನನ್ನ ನೀರುದೋಸೆಗೂ ನಾನು ಆಕೆಯ ಕಥೆಗಳಿಗೂ ಅಂಟಿಕೊಂಡೆವು.

ಆಕೆ ಕವಯಿತ್ರಿ, ಕಾದಂಬರಿಕಾರ್ತಿ, ಬರೆಯುವುದು ಫ್ರೆಂಚಿನಲ್ಲಿ. "ಅಮ್ಮ ಬೈದದ್ದು ಅರಬಿಯಲ್ಲಿ, ಶಾಲೆಯಲ್ಲಿ ಕಲಿಸಿದ್ದು ಫ್ರೆಂಚ್. ಅಮ್ಮನ ಬದುಕನ್ನು ಅಮ್ಮನಿಗೆ ಓದಲಿಕ್ಕಾಗದ ಭಾಷೆಯಲ್ಲಿ ಬರೆದೆ," ಎಂದಿದ್ದಳು ಒಮ್ಮೆ. ಮನೆಯಲ್ಲಿ ತುಳು ಮಾತಾಡಿ, ಊರಿಗೆ ಕನ್ನಡದಲ್ಲಿ ಕಾಗದ ಬರೆದು, ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳನ್ನು ಸಾಕುತ್ತಿದ್ದ ನನಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಾಲೇಜಿನಲ್ಲಿದ್ದಾಗಲೇ ಮೊದಲ ಕವನಸಂಕಲನ ಬಂತಂತೆ. ಅಪ್ಪ ಹೆಮ್ಮೆಯಿಂದ ಹಂಚಿದರು, ಚಿಕ್ಕಪ್ಪ ಮನೆಗೆ ಬರುವುದನ್ನೇ ನಿಲ್ಲಿಸಿದರು. ಮೊದಲ ಕಾದಂಬರಿಯ ನಾಯಕಿ ಟೆಲಿಫೋನ್ ಆಪರೇಟರ್. ಊರಿನ ಗಂಡಹೆಂಡಿರ ಜಗಳಗಳನ್ನೆಲ್ಲ ಕೇಳಿ ಕೇಳಿ ತನಗೆ ಮದುವೆಯೇ ಬೇಡ ಎನ್ನುವವಳು. ಎರಡನೆಯದರಲ್ಲಿ, ಹೆಣ್ಣಿನ ಮದುವೆಗೆ ಗಂಡು ಪೋಷಕನೊಬ್ಬ ಬೇಕೆನ್ನುವ ಕಾನೂನನ್ನೇ ಜಾಲಾಡಿದ್ದಳು. "ನಿನ್ನ ಗಂಡನನ್ನು ಇಲ್ಲಿ ಕೆಲಸಕ್ಕೆ ಕರೆಸಿಕೊಂಡ ಕಫೀಲ್ ಇದ್ದಾನಲ್ಲ? ಅವನು ಸಹಿ ಹಾಕದೆ ಊರಿಗೂ ಹೋಗುವ ಹಾಗಿಲ್ಲ. ನಮ್ಮ ದೇಶದಲ್ಲಿ ಹೆಂಗಸರಿಗೆ ಹುಟ್ಟುವಾಗಲೇ ಒಬ್ಬ ಕಫೀಲ್!" ಎಂದು ನಕ್ಕಳು. ಆ ಕಾದಂಬರಿಯ ನಂತರ ಫೋನಿನಲ್ಲಿ ಬೆದರಿಕೆಗಳು ಶುರುವಾದವು. ಆಮೇಲೆ ಅಲ್ಲಿನ ಮತಾಂಧರು ಬರೆಯುವವರನ್ನು ಕೊಲ್ಲತೊಡಗಿದರು. ಗಂಡಹೆಂಡತಿ ನಿಜ್ವಾಕ್ಕೆ ಬಂದದ್ದು ಹಾಗೆ.

ಇದನ್ನು ಇವರಿಗೆ ಹೇಳಿದರೆ, "ಆ ಪುಸ್ತಕದ ಸುದ್ದಿ ನಮಗೆ ಎಂತಕ್ಕೆ ಮಾರಾಯ್ತಿ? ನಮ್ಮ ಕಫೀಲ್‌ಗೆ ಗೊತ್ತಾದ್ರೆ ಖಲಾಸ್," ಎಂದರು. ನಾನೂ ಹೆದರಿದೆ. ದೋಸೆ ಕೊಡುವುದನ್ನು ಮಾತ್ರ ಬಿಡಲಿಲ್ಲ.

ಒಂದು ಮಧ್ಯಾಹ್ನ, ಬಿಸಿಲಿಗೆ ಬೀದಿಯೆಲ್ಲ ಬಾಗಿಲು ಹಾಕಿ ಮಲಗಿದ್ದ ಹೊತ್ತು, ನಾದಿಯಾ ಹಿತ್ತಿಲಿನಿಂದ ಬರಿಗಾಲಲ್ಲಿ ಓಡಿಬಂದಳು.

"ಬಾಗಿಲಲ್ಲಿ ಯಾರೋ ಗಂಡಸು. ನನ್ನ ಹೆಸರು ಹಿಡಿದು ಕೇಳುತ್ತಿದ್ದಾನೆ. ಆಡುವುದು ನಮ್ಮ ಕಡೆಯ ಅರಬಿ!"

ಪರದೇಶದಲ್ಲಿ ನಮ್ಮೂರಿನ ಮಾತು ಕಿವಿಗೆ ಬಿದ್ದರೆ ನಾವು ಕುಣಿಯುತ್ತೇವೆ, ಆಕೆ ನಡುಗುತ್ತಿದ್ದಳು. ಅವಳನ್ನು ಸ್ಟೋರ್ ರೂಮಿನೊಳಗೆ, ಗೋಧಿಹಿಟ್ಟಿನ ಚೀಲದ ಹಿಂದೆ ತಳ್ಳಿದೆ. ಅಷ್ಟರಲ್ಲಿ ನಮ್ಮ ಬಾಗಿಲನ್ನೇ ಬಡಿದರು. ಇವರು ಆಫೀಸಿನಲ್ಲಿ, ಮಕ್ಕಳು ಶಾಲೆಯಲ್ಲಿ. ಚಿಲಕದ ಸರಪಳಿ ತೆಗೆಯದೆ ಇಣುಕಿದೆ. ಕಪ್ಪು ಕನ್ನಡಕದ ಎತ್ತರದ ಆಳು.

"ಮದಾಮ್ ನಾದಿಯಾ?"

"ಮಾಫಿ, ಇಲ್ಲ. ಇಲ್ಲಿ ಯಾರೂ ಇಲ್ಲ," ಎಂದೆ ಬಂದಷ್ಟು ಅರಬಿ ಸೇರಿಸಿ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವನು ಚೀಲದೊಳಗೆ ಕೈ ಹಾಕಿದ. ಬಾಗಿಲು ಮುಚ್ಚಬೇಕೆಂದು ಗೊತ್ತು, ಕೈ ಏಳುತ್ತಿಲ್ಲ. ಮಕ್ಕಳಿಗೆ ಯಾರು ಊಟ ಹಾಕುತ್ತಾರೆ ಎಂಬುದೊಂದೇ ಯೋಚನೆ. ಚೀಲದಿಂದ ಹೊರಬಂದದ್ದು ಪುಸ್ತಕ. ಹಿಂಬದಿಯಲ್ಲಿ ನಾದಿಯಾಳ ಫೋಟೋ.

"ನಾನು ಇಬ್ರಾ ಊರಿನ ಶಾಲೆಯಲ್ಲಿ ಮೇಷ್ಟ್ರು. ಹೆಂಡತಿ ಕಾರಿನಲ್ಲಿದ್ದಾಳೆ, ಇಳಿಯಲು ನಾಚಿಕೆ. ಇದಕ್ಕೊಂದು ಸಹಿ ಬೇಕಂತೆ," ಎಂದ ಇಂಗ್ಲಿಷಿನಲ್ಲಿ.

ನಂಬುವುದೋ ಬಿಡುವುದೋ ನಾನು ತೀರ್ಮಾನಿಸುವ ಮೊದಲೇ ಸ್ಟೋರ್ ರೂಮಿನಿಂದ ದನಿ ಬಂತು: "ಯಾವ ಪುಸ್ತಕ?"

ಜೀವಭಯಕ್ಕಿಂತ ದೊಡ್ಡದು ಲೇಖಕರಿಗೆ ಇನ್ನೊಂದಿದೆ ಎಂದು ಅಂದು ತಿಳಿಯಿತು. ತಲೆತುಂಬ ಹಿಟ್ಟು ಮೆತ್ತಿಕೊಂಡು ನಾದಿಯಾ ಹೊರಬಂದಳು. ಮೊದಲ ಸಹಿ ಕೆಟ್ಟಿತು. ಕೆಳಗೆ ಮತ್ತೊಂದು ಹಾಕಿದಳು. ಕಾರಿನಿಂದ ಇಳಿದು ಬಂದ ಹುಡುಗಿ ಅವಳನ್ನು ತಬ್ಬಿಕೊಂಡು ಅತ್ತಳು.

ಅವರು ಹೋದ ಮೇಲೆ ನಾದಿಯಾ ನೆಲದ ಮೇಲೆ ಕುಸಿದಳು. "ಇವತ್ತು ಓದುವವರು ಬಂದರು. ನಾಳೆ?" ಎಂದಳು. ಪಕ್ಕದಲ್ಲಿ ಕೂತೆ. ನಾನೂ ನಡುಗುತ್ತಿದ್ದೆ, ಹಾಗಾಗಿ ಯಾರು ಯಾರನ್ನು ಸಮಾಧಾನ ಮಾಡಿದರೋ ಹೇಳುವುದು ಕಷ್ಟ.

ಮರುವರ್ಷ ಅವರು ಕೆನಡಾಕ್ಕೆ ಹೋದರು. ಒಮ್ಮೆ ಫೋನ್ ಮಾಡಿ, ಹೊಸ ಕಾದಂಬರಿ ಅಚ್ಚಿಗೆ ಹೋಯಿತೆಂದಳು.

"ಈಗ ಹೆದರಿಕೆ ಹೋಯಿತಾ?" ಎಂದು ಕೇಳಿದೆ.

"ಎಲ್ಲಿ ಹೋಗುತ್ತದೆ? ಅದೂ ನನ್ನ ಜೊತೆಗೇ ವಿಮಾನ ಹತ್ತಿತು. ಬೆಳಿಗ್ಗೆ ಇಬ್ಬರೂ ಒಂದೇ ಮೇಜಿಗೆ ಕೂರುತ್ತೇವೆ. ಆದರೆ ಪೆನ್ನು ಮಾತ್ರ ಅದಕ್ಕೆ ಕೊಡುವುದಿಲ್ಲ."