ಗೌಡ್ರ ಕಣ್ಣಮುಂದಿನ ಸೂಜಿ

ನಮ್ಮ ಮಗ್ಗಲ ಮನಿ ಗೌಡ್ರಿಗೆ ಎಲ್ಲಾ ಕೆಲಸ ಕಣ್ಣಮುಂದನ ಆಗ್ಬೇಕು. ಆಳಂದದಾಗ ತೊಗರಿ ತೂಗುವಾಗ ಕಾಟಾದ ಮ್ಯಾಲ ಬಗ್ಗಿ ನಿಲ್ತಿದ್ರು. ಹೊಲದಾಗ ಬೋರ್ ಹೊಡಿಯವನಿಗೂ "ಒಂದೀಟು ಎಡಕ್ಕ, ತಮ್ಮಾ" ಅಂತ ಬೆರಳು ಮಾಡ್ತಿದ್ರು.

ಅಂಥವರ ಕಿಡ್ನ್ಯಾಗ ಕ್ಯಾನ್ಸರ್ ಗಡ್ಡಿ ಆತು. "ಸಣ್ಣದದ, ಸೂಜಿ ಚುಚ್ಚಿ ಸುಡ್ತೀವಿ," ಅಂದ್ರು ಕಲಬುರಗಿ ಡಾಕ್ಟರ್. "ಪೂರಾ ಮಲಗಸ್ಲೋ, ಬರೇ ಮಂಪರು ಕೊಡ್ಲೋ? ಮಂಪರಿನ್ಯಾಗ ಅಳ್ಳಾಡಿದ್ರ ಸೂಜಿ ಕರುಳಿಗೆ ಹೋಗ್ತದ."

"ಮಂಪರೇ ಕೊಡ್ರಿ. ಕಣ್ಣಮುಂದ ಆಗ್ಬೇಕು."

ನಾನೂ ಅವರ ಹೇಣ್ತಿ ಗೌಡಸಾನಿನೂ ಹೊರಗ ಕುಂತಿದ್ವಿ. ಸ್ವಲ್ಪ ಹೊತ್ತಿಗೆ ಡಾಕ್ಟರ್ ಬೆವರು ಒರಸ್ಕೋತ ಬಂದ್ರು.

"ಬೋರಲ ಮಲಗ್ಸೀವ್ರಿ, ಹಾಸಗಿ ಬಿಟ್ರ ಅವರಿಗೇನೂ ಕಾಣಂಗಿಲ್ಲ. ಆದ್ರೂ ಸೂಜಿ ಹಿಡದಾಗೊಮ್ಮೆ ಕೈ ಹಿಂದ ತಂದು 'ಒಂದೀಟು ಎಡಕ್ಕ, ತಮ್ಮಾ' ಅನ್ನಾಕತ್ತಾರ. ಪೂರಾ ಮಲಗಸ್ಲೇನ್ರಿ?"

"ಮಲಗಸ್ರಿ ಸಾಹೇಬ್ರ," ಅಂದ್ಲು ಗೌಡಸಾನಿ. "ಮನ್ಯಾಗಂತೂ ನಮಗ ಆ ಭಾಗ್ಯ ಇಲ್ಲ."

ಗಡ್ಡಿ ಛಲೋ ಸುಟ್ಟಿತ್ತು. ಎಚ್ಚರಾದ ಗೌಡ್ರು ನನ್ನ ಸನೇಕ ಕರದು ಸಣ್ಣ ದನಿಯಾಗ ಅಂದ್ರು:

"ಡಾಕ್ಟರ್ ಹುಡುಗ ಶ್ಯಾಣ್ಯಾ ಇದ್ದಾನ ಯಕ್ಕಾ. ಎಡಕ್ಕ ಅಂದೆ, ತಿರುಗಿ ಮಾತಾಡ್ಲಿಲ್ಲ, ಸರಿಸಿದ."